ಮಗಳ ಜೀನ್ ಟೆಸ್ಟ್ ಮಾಡಿಸಿದರೆ ಹೆಲ್ತ್ ಇನ್ಶೂರೆನ್ಸ್ ಸಿಗಲ್ಲ ಅಂತಾರೆ, ನಿಜಾನಾ?

ವಿದ್ಯಾನಗರದ ಅಮ್ಮ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ ಈಗ ಹದಿನಾಲ್ಕು ತಿಂಗಳು. ಎರಡೂ ಕಿವಿ ಕೇಳಿಸುವುದಿಲ್ಲ ಅಂತ ಹೋದ ತಿಂಗಳು ಗೊತ್ತಾಯಿತು. ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತವಾ ಅಂತ ನೋಡುವ ಬೇರಾ ಟೆಸ್ಟ್‌ನಲ್ಲಿ 90 ಡೆಸಿಬಲ್ ಸದ್ದು ಕೊಟ್ಟರೂ ಅಲೆ ಬರಲಿಲ್ಲ. ಇಷ್ಟು ದಿನ ನಮಗೆ ಯಾಕೆ ತಿಳಿಯಲಿಲ್ಲ ಅಂತ ದಿನಾ ಕೊರಗುತ್ತೇನೆ. ಹಿಂದಿನಿಂದ ಬಾಗಿಲು ಬಡಿದರೆ ತಿರುಗಿ ನೋಡುತ್ತಿದ್ದಳು, ಅದಕ್ಕೆ ನಾವು ನಿಶ್ಚಿಂತೆಯಿಂದ ಇದ್ದೆವು. ಅವಳು ತಿರುಗುತ್ತಿದ್ದದ್ದು ಸದ್ದಿಗಲ್ಲ, ನೆಲ ಅದುರಿದ್ದಕ್ಕೆ. ಒಂದು ದಿನ ತೊಟ್ಟಿಲ ಪಕ್ಕದಲ್ಲೇ ನನ್ನ ಕೈಯಿಂದ ಸ್ಟೀಲ್ ತಾಟು ಜಾರಿ ಬಿತ್ತು, ಅದು ಗರಗರ ತಿರುಗಿ ನಿಲ್ಲುವವರೆಗೂ ಅವಳ ರೆಪ್ಪೆ ಸಹ ಅಲುಗಲಿಲ್ಲ. ಆವತ್ತೇ ನನ್ನ ಎದೆ ಧಸಕ್ ಅಂದಿದ್ದು.

ನಾನು ಸೋದರಮಾವನ ಮಗನನ್ನೇ ಮದುವೆಯಾಗಿದ್ದೇನೆ. ನಮ್ಮಿಬ್ಬರಿಗೂ ಅಜ್ಜಿ ಒಬ್ಬರೇ. ಆ ಅಜ್ಜಿಯ ತಮ್ಮ ಸವಣೂರಿನಲ್ಲಿದ್ದರು, ಅವರಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಇದನ್ನು ಹೇಳಿದ ಮೇಲೆ ಇಎನ್‌ಟಿ ಡಾಕ್ಟರು ಮಗಳಿಗೆ ಜೀನ್ ಟೆಸ್ಟ್ ಮಾಡಿಸಿ ಅಂದರು. ಹದಿನೆಂಟು ಸಾವಿರ ಆಗುತ್ತದಂತೆ.

ಅಷ್ಟರಲ್ಲಿ ನಾವು ಮನೆಮಂದಿಗೆಲ್ಲ ಸೇರಿಸಿ ಹೆಲ್ತ್ ಪಾಲಿಸಿ ಮಾಡಿಸೋಣ ಅಂತಿದ್ದೆವು. ಗುರುತಿನ ಏಜೆಂಟ್ ಒಬ್ಬರು ಕೇಳಿದ ತಕ್ಷಣ "ಟೆಸ್ಟ್ ಮಾತ್ರ ಮಾಡಿಸಬೇಡಿ, ಜೀನ್‌ನಲ್ಲಿ ದೋಷ ಅಂತ ಕಾಗದದ ಮೇಲೆ ಬಂತು ಅಂದರೆ ನಿಮಗೆ, ನಿಮ್ಮ ಯಜಮಾನರಿಗೆ, ಮುಂದೆ ಹುಟ್ಟುವ ಮಗುವಿಗೆ ಯಾರಿಗೂ ಪಾಲಿಸಿ ಸಿಗಲ್ಲ, ಮಗಳ ಕಿವಿ ವಿಷಯಾನೂ ಫಾರ್ಮ್‌ನಲ್ಲಿ ಬರೆಯೋದು ಬೇಡ" ಅಂದರು. ನಮ್ಮ ಮನೆಯವರು ಈಗ ಟೆಸ್ಟೇ ಬೇಡ ಅನ್ನುತ್ತಿದ್ದಾರೆ. ನನಗೆ ಎರಡು ರಾತ್ರಿಯಿಂದ ನಿದ್ದೆ ಇಲ್ಲ. ತಿಳಿದವರು ದಾರಿ ಹೇಳಿ.

ಧಾರವಾಡ ಆಡಿಯಾಲಜಿಸ್ಟ್

ಅಕ್ಕಾ, ಮೊದಲು ಒಂದು ಮಾತು. ನಿಮಗೆ ತಡವಾಗಿ ತಿಳಿದದ್ದು ನಿಮ್ಮ ತಪ್ಪಲ್ಲ. ನೆಲ ಅದುರಿದ್ದಕ್ಕೆ ಮಗು ತಿರುಗುವುದನ್ನು ನೋಡಿ ಮೋಸ ಹೋಗದ ಮನೆ ನಾನು ನೋಡಿಲ್ಲ. ಹುಟ್ಟಿದ ಆಸ್ಪತ್ರೆಯಲ್ಲೇ ಓಎಇ ಅನ್ನುವ ಕಿವಿ ತಪಾಸಣೆ ಮಾಡಿದ್ದರೆ ಆಗಲೇ ಸುಳಿವು ಸಿಗುತ್ತಿತ್ತು.

ಈಗ ಜೀನ್ ವಿಷಯ. ಹುಟ್ಟಿನಿಂದ ಬರುವ ಕಿವುಡುತನದಲ್ಲಿ ಅರ್ಧಕ್ಕಿಂತ ಜಾಸ್ತಿ ಜೀನ್ ಕಾರಣದಿಂದಲೇ ಬರುತ್ತದೆ. ಅದರಲ್ಲೂ ಹೆಚ್ಚಿನ ಮಕ್ಕಳಿಗೆ ಕಿವಿ ಬಿಟ್ಟರೆ ಬೇರೆ ಯಾವ ತೊಂದರೆಯೂ ಇರುವುದಿಲ್ಲ. ನಮ್ಮ ದೇಶದಲ್ಲಿ ಮೊದಲು ನೋಡುವ ಜೀನ್ ಜಿಜೆಬಿ2. ಅದು ಕನೆಕ್ಸಿನ್ 26 ಅನ್ನುವ ಪ್ರೋಟೀನ್ ಮಾಡುತ್ತದೆ. ಒಳಕಿವಿಯಲ್ಲಿ ಒಂದು ಜೀವಕೋಶದಿಂದ ಪಕ್ಕದ ಜೀವಕೋಶಕ್ಕೆ ಪೊಟ್ಯಾಸಿಯಂ ದಾಟಲು ಸಣ್ಣ ಸಣ್ಣ ಬಾಗಿಲುಗಳಿವೆ, ಆ ಬಾಗಿಲುಗಳು ಆಗುವುದು ಈ ಪ್ರೋಟೀನ್‌ನಿಂದ. ಅವು ಸರಿ ಇಲ್ಲದಿದ್ದರೆ ಸದ್ದು ಹಿಡಿಯುವ ಕೋಶಗಳು ಕೆಲಸ ಮಾಡುವುದಿಲ್ಲ. ಆದರೆ ಮೆದುಳಿಗೆ ಹೋಗುವ ನರ ಚೆನ್ನಾಗೇ ಇರುತ್ತದೆ. ಅದಕ್ಕೇ ಈ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ ಸಾಧನ, ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತದೆ.

ನೀವು, ಯಜಮಾನರು ಇಬ್ಬರೂ ಆ ಜೀನಿನ ಒಂದು ಕೆಟ್ಟ ಪ್ರತಿ, ಒಂದು ಒಳ್ಳೆ ಪ್ರತಿ ಹೊತ್ತಿರಬಹುದು. ಒಂದು ಒಳ್ಳೆಯದಿದ್ದರೆ ಸಾಕು, ಕಿವಿ ಚೆನ್ನಾಗಿ ಕೇಳುತ್ತದೆ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದಾಗ ಮಾತ್ರ ಹೀಗಾಗುತ್ತದೆ. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಒಂದು ಮಗುವಿಗೆ ಹೀಗಾಯಿತು, ಇನ್ನು ಮುಂದಿನ ಮೂರು ಮಕ್ಕಳಿಗೆ ಏನೂ ಆಗಲ್ಲ ಅಂತ ಲೆಕ್ಕ ಹಾಕಬೇಡಿ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು.

ಟೆಸ್ಟ್‌ನಿಂದ ಇನ್ನೊಂದು ದೊಡ್ಡ ಉಪಯೋಗ ಇದೆ. ಕಿವಿಯ ಜೊತೆ ಬೇರೆ ಅಂಗಕ್ಕೂ ತೊಂದರೆ ಕೊಡುವ ಜೀನ್‌ಗಳಿವೆ. ಅಷರ್ ಸಿಂಡ್ರೋಮ್ ಆದರೆ ಮುಂದೆ ಇರುಳುಗಣ್ಣು ಶುರುವಾಗಿ ನೋಟ ಕುಗ್ಗುತ್ತದೆ. ಜರ್ವೆಲ್ ಲ್ಯಾಂಗ್ ನೀಲ್ಸನ್ ಅಂತ ಒಂದಿದೆ, ಅದರಲ್ಲಿ ಹೃದಯದ ಬಡಿತ ತಪ್ಪಿ ಮಗು ಓಡುವಾಗ, ಅಳುವಾಗ ತಟ್ಟನೆ ಎಚ್ಚರ ತಪ್ಪಿ ಬೀಳಬಹುದು. ಬಹಳ ಅಪರೂಪ. ಆದರೂ ಹುಟ್ಟು ಕಿವುಡು ಮಗುವಿಗೆ ಒಂದು ಇಸಿಜಿ ತೆಗೆಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಮಗುವಿಗೆ ತೆಗೆಸಿದ್ದೀರಾ?

ವಿದ್ಯಾನಗರದ ಅಮ್ಮ

ಇಲ್ಲ ಮೇಡಂ, ಯಾರೂ ಹೇಳಿರಲಿಲ್ಲ. ನಾಳೆಯೇ ತೆಗೆಸುತ್ತೇನೆ.

ಗದಗ ವಿಮಾ ಸಲಹೆಗಾರ

ನಾನು ಹನ್ನೊಂದು ವರ್ಷದಿಂದ ಗದಗಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಆ ಏಜೆಂಟ್ ಹೇಳಿದ ಎರಡೂ ಮಾತು ತಪ್ಪು. ಎರಡನೆಯದಂತೂ ನಿಮ್ಮನ್ನು ಹಳ್ಳಕ್ಕೆ ತಳ್ಳುವ ಮಾತು.

2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಇದ್ದವರೊಬ್ಬರ ಕ್ಲೇಮನ್ನು "ಇದು ಜೆನೆಟಿಕ್" ಅಂತ ಕಂಪನಿ ತಳ್ಳಿಹಾಕಿತ್ತು. ಜೆನೆಟಿಕ್ ಅನ್ನುವ ಒಂದೇ ಮಾತಿನ ಮೇಲೆ ಎಲ್ಲವನ್ನೂ ಹೊರಗಿಡುವುದು ತಾರತಮ್ಯ ಅಂತ ಕೋರ್ಟ್ ಹೇಳಿತು. ಕೇಸ್ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು, ಅದು ಬೇರೆ ಕಥೆ. ನಮಗೆ ಮುಖ್ಯವಾದದ್ದು 2019ರಲ್ಲಿ ಐಆರ್‌ಡಿಎಐ, ಅಂದರೆ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ, ಮಾಡಿದ ನಿಯಮ. ಹೆಲ್ತ್ ಪಾಲಿಸಿಯಲ್ಲಿ ಏನನ್ನು ಹೊರಗಿಡುವಂತಿಲ್ಲ ಅನ್ನುವ ಪಟ್ಟಿಯಲ್ಲಿ ಜೆನೆಟಿಕ್ ಕಾಯಿಲೆಗಳ ಹೆಸರು ಹಾಕಿದರು.

ಈಗ ಸರಿಯಾಗಿ ಗಮನಿಸಿ. ಅದೇ 2019ರ ನಿಯಮದಲ್ಲಿ ಇನ್ನೊಂದು ಪಟ್ಟಿ ಇತ್ತು. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದರೆ, ಗ್ರಾಹಕರ ಒಪ್ಪಿಗೆ ಪಡೆದು ಕಂಪನಿ ಕಾಯಂ ಆಗಿ ಹೊರಗಿಡಬಹುದಾದ ಹದಿನಾರು ತೊಂದರೆಗಳ ಪಟ್ಟಿ. ಅದರಲ್ಲಿ "ಲಾಸ್ ಆಫ್ ಹಿಯರಿಂಗ್" ಅಂತ ಸ್ಪಷ್ಟವಾಗಿ ಇದೆ. ಅಂದರೆ ನಿಮ್ಮ ಮಗಳ ವಿಷಯದಲ್ಲಿ ಕಂಪನಿ ನೋಡುವುದು ಕಿವಿಯನ್ನು. ಅದು ಬೇರಾ ರಿಪೋರ್ಟ್‌ನಲ್ಲಿ ಆಗಲೇ ಬಂದಿದೆ. ಜೀನ್ ಟೆಸ್ಟ್ ಮಾಡಿಸದೆ ಕೂತರೂ ಆ ರಿಪೋರ್ಟ್ ಎಲ್ಲೂ ಹೋಗಲ್ಲ. ಟೆಸ್ಟ್ ಬಿಟ್ಟು ನೀವು ಏನನ್ನೂ ಉಳಿಸಿಕೊಂಡಂತಾಗಲಿಲ್ಲ, ಬರಬೇಕಾದ ಮಾಹಿತಿ ಮಾತ್ರ ಕಳೆದುಕೊಂಡಿರಿ.

ಕಿವಿಯನ್ನು ಹೊರಗಿಟ್ಟರೂ ಉಳಿದದ್ದಕ್ಕೆಲ್ಲ ಪಾಲಿಸಿ ಸಿಗಬೇಕು. ನ್ಯುಮೋನಿಯಾ, ಡೆಂಗೆ, ಬಿದ್ದು ಕೈ ಮುರಿಯುವುದು, ಎಲ್ಲವೂ.

ನೀವು ಮತ್ತು ಯಜಮಾನರು ವಾಹಕರು, ಅಂದರೆ ಅಂಥ ಒಂದು ಪ್ರತಿ ಮಾತ್ರ ಹೊತ್ತವರು ಅಂತ ಬಂದರೆ ಅದು ಕಾಯಿಲೆ ಅಲ್ಲ. ಮೊದಲೇ ಇದ್ದ ಕಾಯಿಲೆ ಅಂತ ಕರೆಯಬೇಕಾದರೆ ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ಡಾಕ್ಟರು ಅದನ್ನು ಗುರುತಿಸಿರಬೇಕು, ಇಲ್ಲವೇ ಅದಕ್ಕೆ ಸಲಹೆ, ಚಿಕಿತ್ಸೆ ಆಗಿರಬೇಕು. ನಿಮಗೆ ಇರುವ ಕಾಯಿಲೆಯಾದರೂ ಯಾವುದು? ನಿಮ್ಮಿಬ್ಬರ ಕಿವಿ ಚೆನ್ನಾಗಿದೆಯಲ್ಲ.

ಹಳೇ ಹುಬ್ಬಳ್ಳಿ ಕಾಕಾ

ನಮ್ಮ ಕಡೆ ಸೋದರಮಾವನಿಗೆ, ಮಾವನ ಮಗನಿಗೆ ಹೆಣ್ಣು ಕೊಡುವುದು ಇವತ್ತಿನದಲ್ಲ. ನಮ್ಮ ಮನೆಯಲ್ಲೇ ಮೂರು ತಲೆಮಾರಿನಿಂದ ನಡೆದಿದೆ, ಮಕ್ಕಳೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಈ ಟೆಸ್ಟ್ ಮಾಡಿಸಿ ಆಮೇಲೆ ಯಾರ ಕಡೆಯಿಂದ ಬಂತು ಅಂತ ಬೀಗರು ಬೀಗರು ಜಗಳ ಆಡುವುದು ಬೇಕಾ? ಹುಡುಗಿಗೆ ಏನು ಚಿಕಿತ್ಸೆ ಬೇಕೋ ಕೊಡಿಸಿ. ನನಗೆ ತಿಳಿದದ್ದು ಹೇಳಿದೆ, ತಪ್ಪು ತಿಳಿಯಬೇಡ ತಂಗಿ.

ಧಾರವಾಡ ಆಡಿಯಾಲಜಿಸ್ಟ್

ಕಾಕಾ, ಯಾರ ಕಡೆಯಿಂದ ಅನ್ನುವ ಜಗಳಕ್ಕೆ ಈ ಟೆಸ್ಟೇ ಮದ್ದು. ಈ ತರಹದ ಕಿವುಡುತನದಲ್ಲಿ ಎರಡೂ ಕಡೆಯಿಂದ ಬಂದರೆ ಮಾತ್ರ ಮಗುವಿಗೆ ಆಗುವುದು. ಒಬ್ಬರನ್ನೇ ದೂರಲು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಸೊಸೆ ಒಬ್ಬಳೇ ಬೈಸಿಕೊಂಡು ಕೂತಿರುತ್ತಾಳೆ. ಬಸಿರಿಯಿದ್ದಾಗ ಗ್ರಹಣ ನೋಡಿದಳು, ಏನೋ ತಿಂದಳು ಅಂತ. ರಿಪೋರ್ಟ್ ಕೈಗೆ ಬಂದಾಗ ಆ ಮಾತು ನಿಲ್ಲುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಂಬಂಧದಲ್ಲಿ ಮದುವೆಯಾದವರಿಗೆಲ್ಲ ಹೀಗೆ ಆಗುತ್ತದೆ ಅಂತ ಯಾರೂ ಹೇಳುತ್ತಿಲ್ಲ. ಒಂದೇ ಅಜ್ಜಿಯ ಮೊಮ್ಮಕ್ಕಳಲ್ಲಿ ಜೀನ್‌ಗಳ ಎಂಟನೇ ಒಂದು ಪಾಲು ಒಂದೇ ಇರುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ನಾಲ್ಕನೇ ಒಂದು ಪಾಲು. ಮನೆತನದಲ್ಲಿ ಒಂದು ಕೆಟ್ಟ ಪ್ರತಿ ಇದ್ದರೆ ಅದು ಗಂಡ ಹೆಂಡತಿ ಇಬ್ಬರಲ್ಲೂ ಸಿಗುವ ಸಾಧ್ಯತೆ ಜಾಸ್ತಿ, ಅಷ್ಟೇ.

ರಾಣೆಬೆನ್ನೂರು ಅಪ್ಪ

ಫಾರ್ಮ್‌ನಲ್ಲಿ ಬರೆಯಬೇಡಿ ಅನ್ನುವ ಮಾತು ಕೇಳಿ ಕೆಟ್ಟವನು ನಾನು. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗನಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಷೀನ್ ಹಾಕಿಕೊಳ್ಳುತ್ತಾನೆ. ಪಾಲಿಸಿ ಮಾಡಿಸುವಾಗ ಏಜೆಂಟ್ ತಾನೇ ಫಾರ್ಮ್ ತುಂಬಿದ. "ಯಾವುದಾದರೂ ಅಂಗವೈಕಲ್ಯ, ಹುಟ್ಟಿನಿಂದ ಬಂದ ತೊಂದರೆ ಇದೆಯಾ" ಅನ್ನುವ ಜಾಗದಲ್ಲಿ ಇಲ್ಲ ಅಂತ ಟಿಕ್ ಹಾಕಿದ. ನಾನು ಓದದೆ ಸಹಿ ಮಾಡಿದೆ. ಎರಡು ವರ್ಷ ತಪ್ಪದೆ ಕಂತು ಕಟ್ಟಿದೆ. ಮೂರನೇ ವರ್ಷ ಮಗನಿಗೆ ಡೆಂಗೆ ಆಗಿ ಪ್ಲೇಟ್‌ಲೆಟ್ ಇಳಿದು ಆರು ದಿನ ಅಡ್ಮಿಟ್ ಮಾಡಿದೆವು. ಬಿಲ್ 62 ಸಾವಿರ. ಕ್ಲೇಮ್ ಹಾಕಿದೆ. ಡಿಸ್ಚಾರ್ಜ್ ಕಾಗದದಲ್ಲಿ ಡ್ಯೂಟಿ ಡಾಕ್ಟರು ಹಿಂದಿನ ವಿವರ ಬರೆಯುವಾಗ "ಹುಟ್ಟಿನಿಂದ ಎರಡೂ ಕಿವಿ ಕೇಳುವುದಿಲ್ಲ, ಹಿಯರಿಂಗ್ ಏಡ್ ಬಳಸುತ್ತಾನೆ" ಅಂತ ಒಂದು ಸಾಲು ಬರೆದಿದ್ದರು. ಕಂಪನಿಯವರು ಆ ಸಾಲು ಹಿಡಿದುಕೊಂಡರು. ಡೆಂಗೆಗೂ ಕಿವಿಗೂ ಏನು ಸಂಬಂಧ ಅಂತ ಎಷ್ಟು ಕೇಳಿದರೂ, ನೀವು ಮುಚ್ಚಿಟ್ಟಿರಿ ಅನ್ನುವುದೊಂದೇ ಉತ್ತರ. ಕ್ಲೇಮ್ ಹೋಯಿತು, ಪಾಲಿಸಿಯೂ ರದ್ದಾಯಿತು. ನನ್ನ ಹೆಂಡತಿಯ ಬಳೆ ಅಡ ಇಟ್ಟು ಬಿಲ್ ಕಟ್ಟಿದೆ.

ನಮ್ಮದು ಜೀನ್ ಟೆಸ್ಟ್ ಆಗಿಯೇ ಇರಲಿಲ್ಲ. ನಮ್ಮನ್ನು ಮುಳುಗಿಸಿದ್ದು ಆ ಒಂದು ಟಿಕ್. ತಂಗಿ, ಫಾರ್ಮ್ ನಿಮ್ಮ ಕೈಯಿಂದಲೇ ತುಂಬಿ, ಸಹಿ ಮಾಡುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಗದಗ ವಿಮಾ ಸಲಹೆಗಾರ

ಅಣ್ಣ, ಓದಿ ಬಹಳ ಬೇಜಾರಾಯಿತು. ಏಜೆಂಟ್ ತುಂಬಿದರೂ ಸಹಿ ಮಾಡಿದವರೇ ಹೊಣೆ ಅಂತ ಅವರು ಹಿಡಿಯುತ್ತಾರೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಹೇಳುತ್ತೇನೆ. ಕ್ಲೇಮ್ ತಿರಸ್ಕಾರ ಆದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಬೇಕು. ಅವರ ಉತ್ತರ ಸರಿ ಅನ್ನಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಒಂದು ವರ್ಷದ ಒಳಗೆ ಬರೆಯಬಹುದು. ಫೀ ಇಲ್ಲ, ವಕೀಲರೂ ಬೇಕಿಲ್ಲ.

2024ರ ಏಪ್ರಿಲ್‌ನಿಂದ ನಿಯಮ ಇನ್ನಷ್ಟು ನಮ್ಮ ಕಡೆ ವಾಲಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. 60 ತಿಂಗಳು ಬಿಡದೆ ಪಾಲಿಸಿ ನಡೆಸಿದ ಮೇಲೆ, ಬೇಕೆಂದೇ ಮೋಸ ಮಾಡಿದ್ದು ಸಾಬೀತಾಗದ ಹೊರತು ಮುಚ್ಚಿಟ್ಟಿರಿ ಅಂತ ಕ್ಲೇಮ್ ನಿಲ್ಲಿಸುವಂತಿಲ್ಲ. ಮೊದಲು ಇದು 96 ತಿಂಗಳಿತ್ತು. ಹಾಗಂತ ಐದು ವರ್ಷ ಮುಚ್ಚಿಟ್ಟು ಪಾರಾಗೋಣ ಅಂತ ಯಾರೂ ಲೆಕ್ಕ ಹಾಕಬೇಡಿ, ಕಾಯಿಲೆ ನಮ್ಮ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ.

ಇನ್ನೊಂದು, ಟೆಸ್ಟ್‌ನ ಹದಿನೆಂಟು ಸಾವಿರ ಪಾಲಿಸಿಯಿಂದ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಬರೀ ತಪಾಸಣೆಗೆ ಅಂತ ಆದ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಹಿಯರಿಂಗ್ ಏಡ್‌ಗೂ ಹೆಚ್ಚಿನ ಪಾಲಿಸಿಗಳಲ್ಲಿ ಇಲ್ಲ.

ನರಗುಂದ ಸಿಸ್ಟರ್

ಇನ್ಶೂರೆನ್ಸ್ ನನಗೆ ತಿಳಿಯದು. ನಾನು ಇಪ್ಪತ್ತು ವರ್ಷದಿಂದ ನರ್ಸ್, ಇಂಜೆಕ್ಷನ್ ವಿಷಯ ಹೇಳುತ್ತೇನೆ.

ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಜೀನ್ ಬದಲಾವಣೆ ಒಂದಿದೆ, ಮೈಟೊಕಾಂಡ್ರಿಯಾದ 1555 ಅಂತ ಕರೆಯುತ್ತಾರೆ. ಅದು ಇದ್ದವರಿಗೆ ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಟ್ಟರೆ, ಸರಿಯಾದ ಪ್ರಮಾಣದಲ್ಲೇ ಕೊಟ್ಟರೂ ಕಿವಿ ಹೋಗಬಹುದು, ಮತ್ತೆ ಬರುವುದಿಲ್ಲ. ನಮ್ಮ ವಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು ತನ್ನ ಪರ್ಸಿನಲ್ಲಿ ಪ್ಲಾಸ್ಟಿಕ್ ಹಾಕಿಸಿದ ಚೀಟಿ ಇಟ್ಟುಕೊಂಡಿದ್ದಳು. ಕೆಂಪು ಅಕ್ಷರದಲ್ಲಿ ಆ ಮೂರು ಔಷಧಿಗಳ ಹೆಸರು, ಕೊಡಬಾರದು ಅಂತ. ಅವಳ ಅಣ್ಣನಿಗೆ ಇಂಜೆಕ್ಷನ್ ಆದಮೇಲೆ ಕಿವಿ ಹೋಗಿತ್ತು, ಆಮೇಲೆ ಟೆಸ್ಟ್ ಮಾಡಿಸಿದ್ದರು. ಅವಳ ಮಗು ಜ್ವರ ಅಂತ ಬಂದಾಗ ಆ ಚೀಟಿ ನೋಡಿ ಡಾಕ್ಟರು ಬೇರೆ ಔಷಧಿ ಬರೆದರು. ಆ ಮಗು ಈಗ ಶಾಲೆಗೆ ಹೋಗುತ್ತದೆ, ಚೆನ್ನಾಗಿ ಕೇಳುತ್ತದೆ.

ಹಾಗಾಗಿ ಟೆಸ್ಟ್ ಮಾಡಿಸುವಾಗ ಇದನ್ನೂ ನೋಡುತ್ತೀರಾ ಅಂತ ಲ್ಯಾಬಿನವರನ್ನು ಕೇಳಿ.

ಕೇಶ್ವಾಪುರ, ಕೈಮಾತಿನವನು

ನಾನು ಹುಟ್ಟಿನಿಂದ ಕಿವುಡ. ಪ್ರಿಂಟಿಂಗ್ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲರೂ ಒಳ್ಳೆಯದಕ್ಕೇ ಬರೆದಿದ್ದೀರಿ. ಆದರೆ "ದೋಷ", "ಕೆಟ್ಟ ಪ್ರತಿ" ಅಂತ ಮತ್ತೆ ಮತ್ತೆ ಓದುವಾಗ ನನಗೆ ನೋವಾಗುತ್ತದೆ. ನಾನು ಕೆಟ್ಟುಹೋದವನಲ್ಲ.

ನನ್ನ ಹೆಂಡತಿಯೂ ಹುಟ್ಟು ಕಿವುಡಿ. ನಮ್ಮ ಇಬ್ಬರು ಮಕ್ಕಳಿಗೂ ಕಿವಿ ಕೇಳುತ್ತದೆ. ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಟೆಸ್ಟ್ ಮಾಡಿಸಿದಾಗ ತಿಳಿಯಿತು, ನನ್ನದು ಒಂದು ಜೀನ್, ಅವಳದು ಬೇರೆ ಜೀನ್. ಇಬ್ಬರದೂ ಒಂದೇ ಆಗಿದ್ದರೆ ಮಕ್ಕಳೆಲ್ಲ ನಮ್ಮ ಹಾಗೇ ಇರುತ್ತಿದ್ದರು, ಅದೂ ನಮಗೆ ಸಂತೋಷವೇ. ಮಕ್ಕಳು ಮಾತಿಗಿಂತ ಮೊದಲು ಕೈಮಾತು ಕಲಿತರು. ಹಾಲು, ಅಜ್ಜಿ, ಇನ್ನೂ ಬೇಕು, ಇವು ಮೊದಲ ಮಾತುಗಳು.

ಟೆಸ್ಟ್ ಮಾಡಿಸಬೇಡಿ ಅಂತ ನಾನು ಹೇಳುವುದಿಲ್ಲ. ತಿಳಿಯುವುದು ಒಳ್ಳೆಯದು. ಮುಂದಿನ ಮಗು ನನ್ನ ಹಾಗೆ ಇರಬಾರದು ಅಂತ ಮಾಡಿಸುತ್ತೀರಾ, ಅಥವಾ ಹೇಗಿದ್ದರೂ ಸಿದ್ಧರಾಗಿರೋಣ ಅಂತ ಮಾಡಿಸುತ್ತೀರಾ, ಅಷ್ಟು ಮಾತ್ರ ಗಂಡ ಹೆಂಡತಿ ಕೂತು ಮಾತಾಡಿ. ಇಂಪ್ಲಾಂಟ್ ಹಾಕಿಸಿದರೂ ಮಗಳಿಗೆ ಕೈಮಾತು ಕಲಿಸಿ. ಸ್ನಾನ ಮಾಡುವಾಗ, ಮಲಗುವಾಗ ಮಷೀನ್ ತೆಗೆದಿಟ್ಟಿರುತ್ತಾರೆ, ಆಗ ಅವಳ ಜೊತೆ ಹೇಗೆ ಮಾತಾಡುತ್ತೀರಿ?

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. 2023ರ ಫೆಬ್ರವರಿಯಲ್ಲಿ ಐಆರ್‌ಡಿಎಐ, ಅಂಗವೈಕಲ್ಯ ಇರುವವರಿಗೆ ಎಲ್ಲ ಹೆಲ್ತ್ ಕಂಪನಿಗಳೂ ಪಾಲಿಸಿ ಇಡಬೇಕು ಅಂತ ಆದೇಶ ಮಾಡಿತು. ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಮಾಡಿಸಿಟ್ಟುಕೊಳ್ಳಿ. ಸರ್ಕಾರದ ನಿರಾಮಯ ಹೆಲ್ತ್ ಇನ್ಶೂರೆನ್ಸ್ ಯೋಜನೆಗೆ ಅರ್ಜಿ ಹಾಕಿ ಅಂತ ಕೆಲವರು ಹೇಳುತ್ತಾರೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ. ಬರೀ ಕಿವುಡುತನಕ್ಕೆ ಸಿಗುವುದಿಲ್ಲ, ನಾನು ಸುಮ್ನೆ ಎರಡು ಸಲ ಓಡಾಡಿದ್ದೇನೆ.

ಧಾರವಾಡ ಆಡಿಯಾಲಜಿಸ್ಟ್

ಅಣ್ಣ, ನೀವು ಹೇಳಿದ್ದು ಸರಿ. ಕೆಟ್ಟ ಪ್ರತಿ ಅಂತ ಬರೆದದ್ದು ನಾನೇ. ಇನ್ನು ಮೇಲೆ "ಬದಲಾದ ಪ್ರತಿ" ಅಂತ ಬರೆಯುತ್ತೇನೆ, ಕ್ಷಮಿಸಿ.

ವಿದ್ಯಾನಗರದ ಅಮ್ಮ

ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ಕೇಶ್ವಾಪುರದ ಅಣ್ಣನ ಮಾತು ಓದುವಾಗ ಅವರು ಎದ್ದು ಹೊರಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದು, ಸವಣೂರಿನ ಅಜ್ಜನ ಜೊತೆ ಯಾರೂ ಮಾತೇ ಆಡುತ್ತಿರಲಿಲ್ಲ, ಊಟಕ್ಕೆ ತಾಟು ತೋರಿಸಿ ಕರೆಯುತ್ತಿದ್ದರು ಅಷ್ಟೇ, ನಮ್ಮ ಮಗಳಿಗೆ ಹಾಗಾಗಬಾರದು ಅಂದರು. ಟೆಸ್ಟ್ ಮಾಡಿಸುತ್ತೇವೆ. ಇಸಿಜಿ ತೆಗೆಸಿದೆವು, ಸರಿ ಇದೆಯಂತೆ.

ಒಂದು ಕೇಳುವುದಿತ್ತು. ಪಾಲಿಸಿ ಮೊದಲಾ, ಟೆಸ್ಟ್ ಮೊದಲಾ? ನನ್ನ ತಂಗಿಗೂ ಮದುವೆ ಗೊತ್ತಾಗಿದೆ, ಅವಳು ಟೆಸ್ಟ್ ಮಾಡಿಸಿದರೆ ಅವಳ ಲೈಫ್ ಇನ್ಶೂರೆನ್ಸ್‌ಗೆ ಏನಾದರೂ ತೊಂದರೆ ಇದೆಯಾ?

ಗದಗ ವಿಮಾ ಸಲಹೆಗಾರ

ಮಗಳ ಚಿಕಿತ್ಸೆಯನ್ನು ಪಾಲಿಸಿಗಾಗಿ ಒಂದು ದಿನವೂ ತಡ ಮಾಡಬೇಡಿ. ಎರಡನ್ನೂ ಒಟ್ಟಿಗೆ ಶುರು ಮಾಡಿ. ಫಾರ್ಮ್ ತುಂಬುವ ದಿನ ಏನೇನು ಗೊತ್ತಿದೆಯೋ ಅಷ್ಟನ್ನು ಬರೆಯಿರಿ: ಮಗಳಿಗೆ ಹುಟ್ಟಿನಿಂದ ಎರಡೂ ಕಿವಿ ಕೇಳುವುದಿಲ್ಲ, ಬೇರಾ ಇಂಥ ದಿನ ಆಗಿದೆ, ಜೀನ್ ಟೆಸ್ಟ್‌ಗೆ ಸಲಹೆ ಕೊಟ್ಟಿದ್ದಾರೆ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಸಮಯ ಇರುತ್ತದೆ, ಷರತ್ತು ಒಪ್ಪಿಗೆ ಇಲ್ಲದಿದ್ದರೆ ವಾಪಸ್ ಕೊಡಬಹುದು. ಆ 30 ದಿನದಲ್ಲಿ ಪಾಲಿಸಿ ಪುಸ್ತಕದಲ್ಲಿ ಹೊಸದಾಗಿ ಹುಟ್ಟುವ ಮಗುವನ್ನು ಯಾವ ದಿನದಿಂದ ಸೇರಿಸುತ್ತಾರೆ ಅಂತ ನೋಡಿ. ನಾವೇ ಕೊಳ್ಳುವ ಎಷ್ಟೋ ಪಾಲಿಸಿಗಳಲ್ಲಿ 90 ದಿನ ಆದಮೇಲೆ ಸೇರಿಸುತ್ತಾರೆ. ಎರಡನೇ ಮಗು ಬಯಸುವ ನಿಮಗೆ ಜೀನ್ ವಿಷಯಕ್ಕಿಂತ ಈ ಸಾಲು ಮುಖ್ಯ.

ತಂಗಿಯ ವಿಷಯ. ಅಮೆರಿಕದಲ್ಲಿ 2008ರಿಂದ ಜೀನಾ ಅಂತ ಪ್ರತ್ಯೇಕ ಕಾನೂನು ಇದೆ. ಅದೂ ಹೆಲ್ತ್ ಇನ್ಶೂರೆನ್ಸ್‌ಗೆ, ನೌಕರಿಗೆ ರಕ್ಷಣೆ ಕೊಡುತ್ತದೆ, ಲೈಫ್ ಇನ್ಶೂರೆನ್ಸ್‌ಗೆ ಅಲ್ಲ. ನಮ್ಮಲ್ಲಿ ಲೈಫ್ ಪಾಲಿಸಿಗೆ ಕಂಪನಿ ಕೇಳಿದ ಪ್ರಶ್ನೆಗೆ ನಿಜ ಹೇಳಬೇಕು. ವಾಹಕಿ ಆಗಿರುವುದರಿಂದ ಅವಳ ಆಯುಷ್ಯಕ್ಕೆ ಏನೂ ಆಗುವುದಿಲ್ಲ, ಹಾಗಾಗಿ ನಾನಾದರೆ ಹೆದರುವುದಿಲ್ಲ. ಮೂರು ವರ್ಷ ಆದಮೇಲೆ ಲೈಫ್ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಅಂತ ಇನ್ಶೂರೆನ್ಸ್ ಕಾಯ್ದೆಯ 45ನೇ ಸೆಕ್ಷನ್ ಹೇಳುತ್ತದೆ.

ಧಾರವಾಡ ಆಡಿಯಾಲಜಿಸ್ಟ್

ಟೆಸ್ಟ್‌ಗೆ ರಕ್ತ ಕೊಡುವ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಕೇಳಿ ಪಡೆಯಿರಿ. ಒಪ್ಪಿಗೆ ಪತ್ರ ಪೂರ್ತಿ ಓದಿ, ಸ್ಯಾಂಪಲ್ ಮತ್ತು ಮಾಹಿತಿಯನ್ನು ಆಮೇಲೆ ಯಾರಿಗೆ ಕೊಡುತ್ತಾರೆ ಅಂತ ಅದರಲ್ಲಿ ಇರುತ್ತದೆ. ರಿಪೋರ್ಟ್‌ನಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಅಂತ ಬಂದರೆ ಗಾಬರಿ ಆಗಬೇಡಿ, ಅದನ್ನು ಕಾಯಿಲೆ ಅಂತ ಯಾರೂ ಹೇಳುವಂತಿಲ್ಲ.

ಇಂಪ್ಲಾಂಟ್‌ಗೆ ನೆರವು ಕೊಡುವ ಕೇಂದ್ರದ ಎಡಿಪ್ ಯೋಜನೆ ಇದೆ, ನಮ್ಮ ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ಇದೆ. ವಯಸ್ಸಿನ ಮಿತಿ ಇರುವುದರಿಂದ ಈಗಲೇ ಜಿಲ್ಲಾ ಆಸ್ಪತ್ರೆಯ ಮೂಲಕ ಹೆಸರು ಹಚ್ಚಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ವಿಚಾರಿಸಿ.

ವಿದ್ಯಾನಗರದ ಅಮ್ಮ, ಮೂರು ತಿಂಗಳ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ರಿಪೋರ್ಟ್ ಬಂತು. ಜಿಜೆಬಿ2, ಎರಡೂ ಪ್ರತಿಯಲ್ಲಿ ಡಬ್ಲ್ಯೂ24ಎಕ್ಸ್ ಅನ್ನುವ ಬದಲಾವಣೆ. ನಮ್ಮ ದೇಶದಲ್ಲಿ ಈ ಜೀನಿನಲ್ಲಿ ಜಾಸ್ತಿ ಕಾಣುವುದು ಇದೇ ಅಂತ ಕೌನ್ಸೆಲರ್ ಹೇಳಿದರು. ನಾನು, ಅವರು ಇಬ್ಬರೂ ವಾಹಕರು. ಕಣ್ಣು, ಹೃದಯ ಯಾವುದಕ್ಕೂ ಸಂಬಂಧ ಇಲ್ಲ. ಸಿಸ್ಟರ್ ಹೇಳಿದ 1555 ಕೂಡ ನೋಡಿದರು, ಇಲ್ಲ. ಅತ್ತೆಗೆ ರಿಪೋರ್ಟ್ ತೋರಿಸಿ ಎರಡೂ ಕಡೆಯಿಂದ ಬಂದಿದೆ ಅಂದಾಗ ಅವರು ನನ್ನ ಕೈ ಹಿಡಿದುಕೊಂಡು ಕೂತರು. ಇಷ್ಟು ದಿನ ಅವರು ಆಡಿದ್ದನ್ನು ನಾನು ಇಲ್ಲಿ ಬರೆದಿರಲಿಲ್ಲ.

ಫಾರ್ಮ್ ನಾನೇ ತುಂಬಿದೆ. ಎಲ್ಲವನ್ನೂ ಬರೆದೆ. ಒಂದು ಕಂಪನಿ ಹದಿನೈದು ದಿನ ಸುಮ್ಮನಿದ್ದು ಆಮೇಲೆ ಆಗಲ್ಲ ಅಂತು. ಅಳು ಬಂತು. ಎರಡನೇ ಕಂಪನಿ ಮೂವರಿಗೂ ಕೊಟ್ಟಿತು, ಮಗಳ ಕಿವಿಗೆ ಸಂಬಂಧಿಸಿದ್ದನ್ನು ಹೊರಗಿಟ್ಟು. ನಮ್ಮಿಬ್ಬರ ವಿಷಯದಲ್ಲಿ ಜೀನ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇಂಪ್ಲಾಂಟ್‌ಗೆ ಸರ್ಕಾರದ ಯೋಜನೆಯಲ್ಲಿ ಹೆಸರು ಬಂದಿದೆ. ಎಂಆರ್‌ಐ ಆಯಿತು, ಮೆದುಳುಜ್ವರದ ಲಸಿಕೆ ಹಾಕಿಸಿದ್ದೇವೆ. ಕೇಶ್ವಾಪುರದ ಅಣ್ಣನ ಹೆಂಡತಿ ಭಾನುವಾರ ಮನೆಗೆ ಬಂದು ಕೈಮಾತು ಕಲಿಸುತ್ತಾರೆ. ಮಗಳು ಮೊನ್ನೆ ಬಟ್ಟಲು ಖಾಲಿ ಮಾಡಿ, ಬೆರಳು ಕೂಡಿಸಿ "ಇನ್ನೂ ಬೇಕು" ಅಂದಳು. ನಾನು ಮೂರು ಸಲ ಬಡಿಸಿದೆ.

ಆಪರೇಷನ್ ಆದಮೇಲೆ ವಾರಕ್ಕೆ ಎರಡು ದಿನ ಥೆರಪಿಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಬೇಕಾಗುತ್ತದೆ. ಹಾಗೆ ಹೋಗುವ ತಾಯಂದಿರು ಯಾರಾದರೂ ಇದ್ದೀರಾ? ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ಒಟ್ಟಿಗೆ ಹೋಗಬಹುದು.